ಗದ್ದೆ ಬದುವಿನ ಕಂದು ಹಕ್ಕಿ: ಊರಿನದೋ, ಸೈಬೀರಿಯಾದ್ದೋ?

ಇವತ್ತು ಮಾತಾಡೋದು ನವಿಲಿನ ಬಗ್ಗೆ ಅಲ್ಲ, ಹುಲಿ ಬಗ್ಗೆಯೂ ಅಲ್ಲ. ಮೈಯೆಲ್ಲ ಕಂದು, ಎದೆ ಮೇಲೆ ಗೀರು, ಬಾಲ ಕುಣಿಸ್ತಾ ನೆಲದ ಮೇಲೆ ಓಡೋ ಪಿಪಿಟ್ ಬಗ್ಗೆ. ಗುಬ್ಬಿ ಅಂದ್ಕೊಂಡು ನೀವು ಎಷ್ಟೋ ಸಲ ದಾಟಿ ಹೋಗಿರ್ತೀರಿ.

ನಮ್ಮಲ್ಲಿ ವರ್ಷವಿಡೀ ಇರೋದು ಪ್ಯಾಡಿಫೀಲ್ಡ್ ಪಿಪಿಟ್. ಗದ್ದೆ ಬದು, ಆಟದ ಮೈದಾನ, ಖಾಲಿ ಸೈಟು, ಎಲ್ಲಾದರೂ ಸಿಗುತ್ತೆ. ಹುಲ್ಲಿನ ಬುಡದಲ್ಲೇ ಗೂಡು, ನೆಲದ ಮೇಲೇ ಸಂಸಾರ. ಇನ್ನೊಂದು ರಿಚರ್ಡ್ಸ್ ಪಿಪಿಟ್. ಅದು ಸೈಬೀರಿಯಾ, ಮಂಗೋಲಿಯಾ ಕಡೆ ಮರಿ ಮಾಡಿ, ಚಳಿಗಾಲ ಕಳೆಯೋಕೆ ಇಲ್ಲಿಗೆ ಬರುತ್ತೆ. ತಮಾಷೆ ಏನಂದ್ರೆ, ಎರಡಕ್ಕೂ 1818ರಲ್ಲೇ ವೈಜ್ಞಾನಿಕ ಹೆಸರಿಟ್ಟವರು ಒಬ್ಬರೇ, ಫ್ರಾನ್ಸಿನ ವಿಯೇಯೋ. ಆಮೇಲೆ ಬಹಳ ಕಾಲ ವಿಜ್ಞಾನಿಗಳೇ ಇವೆರಡನ್ನೂ ಒಂದೇ ಪ್ರಭೇದದಲ್ಲಿ ಸೇರಿಸಿಬಿಟ್ಟಿದ್ರು. ಹಾಗಾಗಿ ನಿಮಗೆ ಗೊಂದಲ ಆದರೆ ನಾಚಿಕೆ ಬೇಡ.

ಗುರುತು ಹಿಡಿಯೋದು ಹೇಗೆ? ರಿಚರ್ಡ್ಸ್ ಸ್ವಲ್ಪ ದೊಡ್ಡದು, 17-18 ಸೆಂಟಿಮೀಟರ್. ನಮ್ಮದು 15ರ ಆಸುಪಾಸು. ಆದ್ರೆ ದೂರದಲ್ಲಿ ಒಂಟಿಯಾಗಿ ನಿಂತಿರೋ ಹಕ್ಕಿಯನ್ನ ಯಾರು ಅಳೀತಾರೆ? ನಿಲುವು ನೋಡಿ. ರಿಚರ್ಡ್ಸ್ ಎದೆ ಸೆಟೆಸಿ ನೆಟ್ಟಗೆ ನಿಲ್ಲುತ್ತೆ, ಕಾಲು ಬಾಲ ಎರಡೂ ಉದ್ದ, ಹಿಂಬೆರಳಿನ ಉಗುರಂತೂ ಇನ್ನೂ ಉದ್ದ. ಎತ್ತರದ ಹುಲ್ಲಿಗೆ ಇಳಿಯೋ ಮುಂಚೆ ಅನೇಕ ಸಲ ಗಾಳಿಯಲ್ಲೇ ಕ್ಷಣ ರೆಕ್ಕೆ ಬಡೀತಾ ನಿಲ್ಲುತ್ತೆ. ಕಣ್ಣಿಗೂ ಕೊಕ್ಕಿಗೂ ನಡುವಿನ ಜಾಗ ಅದರಲ್ಲಿ ಮಾಸಲು ಬಿಳಿ, ನಮ್ಮದರಲ್ಲಿ ಸಾಮಾನ್ಯವಾಗಿ ಕಪ್ಪು ಛಾಯೆ.

ನನ್ನ ಕೇಳಿದ್ರೆ, ಕಣ್ಣಿಗಿಂತ ಕಿವಿ ನಂಬಿ. ಹಾರುವಾಗ ರಿಚರ್ಡ್ಸ್ 'ಶ್ರೀಪ್' ಅಂತ ಒರಟಾಗಿ, ಜೋರಾಗಿ ಕೂಗುತ್ತೆ. ಪ್ಯಾಡಿಫೀಲ್ಡ್‌ದು ಸಣ್ಣಗೆ 'ಚಿಪ್ ಚಿಪ್'. ಫೋನ್ ತೆಗೆದು ರೆಕಾರ್ಡ್ ಮಾಡ್ಕೊಳ್ಳಿ. ಜೂನ್‌ನಲ್ಲಿ ಕಂಡದ್ದನ್ನ ಇ-ಬರ್ಡ್‌ಗೆ 'ರಿಚರ್ಡ್ಸ್' ಅಂತ ಹಾಕೋ ಮುಂಚೆ ಎರಡು ಸಲ ಯೋಚಿಸಿ. ಆಗ ಅದು ಸೈಬೀರಿಯಾದಲ್ಲಿ ಮರಿ ಸಾಕ್ತಿರುತ್ತೆ.

ಇಷ್ಟು ತಲೆ ಕೆಡಿಸಿಕೊಳ್ಳೋದು ಯಾಕೆ? ಬಯಲು ಹುಲ್ಲುಗಾವಲನ್ನ ನಾವು 'ಪಾಳು ಜಾಗ' ಅಂತೀವಿ. ಬೆಂಗಳೂರಿನ ಪಕ್ಕದ ಹೆಸರಘಟ್ಟದಲ್ಲಿ ಫಿಲ್ಮ್ ಸಿಟಿ ಮಾಡೋ ಮಾತೂ ಬಂದಿತ್ತು. ಅದನ್ನ ಸಂರಕ್ಷಿತ ಮೀಸಲು ಮಾಡೋಕೆ ರಾಜ್ಯ ವನ್ಯಜೀವಿ ಮಂಡಳಿ ಒಪ್ಪಿದ್ದು 2024ರಲ್ಲಿ. ಅಂಥ ಜಾಗದಲ್ಲಿ ಒಳ್ಳೇ ಮನಸ್ಸಿಂದ ಸಾಲಾಗಿ ಸಸಿ ನೆಟ್ಟರೂ ನೆಲದಲ್ಲಿ ಗೂಡು ಕಟ್ಟೋ ಹಕ್ಕಿಗೆ ಜಾಗ ಹೋಗುತ್ತೆ. 'ಅಲ್ಲಿ ಏನೂ ಇಲ್ಲ' ಅನ್ನೋರಿಗೆ ತೋರಿಸೋಕೆ ನಮ್ಮ ಹತ್ರ ಸರಿಯಾದ ಪಟ್ಟಿ ಇರಬೇಕು, ತಪ್ಪು ಹೆಸರಿನದ್ದಲ್ಲ.

ಈಗ ಇಯರ್‌ಫೋನ್ ಹಾಕ್ಕೊಳ್ಳಿ, ಎರಡೂ ಕೂಗು ಕೇಳಿಸ್ತೀನಿ. ಮೊದಲು ನಮ್ಮ ಊರಿನದು.