ಕವರ್ ತೆರೆದ ಹಾಗೇ



ಮಾತಾಡಲು ಕರೆದಾಗಲೇ ಹೇಳಿದ್ದೆ, ನಾನು ಪಿಯುಸಿಗೇ ನಿಂತವನು, ಭಾಷಾಶಾಸ್ತ್ರ ಓದಿದವನಲ್ಲ, ಅಚ್ಚು ಹಾಕುವವನು ಅಂತ. ಅದಕ್ಕೆ ಇವರು, 'ನಿಮಗೆ ಜಪಾನಿ ಭಾಷೆ ಬರುತ್ತದಂತಲ್ಲ, ಅದನ್ನೇ ಹೇಳಿ' ಅಂದರು. ಬರುತ್ತದೆ ಅನ್ನುವಷ್ಟು ಬರುವುದಿಲ್ಲ. ಒಂದು ಪದ ಮಾತ್ರ ಚೆನ್ನಾಗಿ ಗೊತ್ತು. ಆ ಪದ 'ಮಮ'. ನಮ್ಮ ಸಂಸ್ಕೃತದ 'ನನ್ನ' ಅನ್ನುವ ಮಮ ಅಲ್ಲ, ಅದು ಬೇರೆ. ಅದು ನನಗೆ ಹೇಗೆ ಗೊತ್ತಾಯಿತು ಅಂತ ಹೇಳದೆ ಬರೀ ವ್ಯಾಕರಣ ಹೇಳಿದರೆ ಈ ಮಧ್ಯಾಹ್ನದ ಹೊತ್ತಿನಲ್ಲಿ ನಿಮಗೆ ನಿದ್ದೆ ಬಂದೀತು.

ನಮ್ಮಪ್ಪನ ಕಾಲದಲ್ಲಿ ನಮ್ಮದು ಮೊಳೆ ಜೋಡಿಸುವ ಪ್ರೆಸ್ಸು, ಟ್ರೆಡಲ್ ಮಿಶನ್ನು. ನಾನು ಆಫ್‌ಸೆಟ್ಟಿಗೆ ಬಂದೆ. ಹೊಸ ಮಿಶನ್ ಕೊಳ್ಳುವ ತಾಕತ್ತು ಇರಲಿಲ್ಲ. ಜಪಾನಿನಲ್ಲಿ ಓಡಿ ಹಳತಾದ ಮಿಶನ್‌ಗಳು ಹಡಗು ಹತ್ತಿ ಇಲ್ಲಿಗೆ ಬರುವುದು, ವ್ಯಾಪಾರಿಗಳು ಅದಕ್ಕೆ ಬಣ್ಣ ಬಳಿದು ನಮಗೆ ಮಾರುವುದು ಪ್ರೆಸ್ಸಿನವರಿಗೆಲ್ಲ ತಿಳಿದದ್ದೇ. 2009ರಲ್ಲಿ ಅಂಥದ್ದೊಂದನ್ನು ಸಾಲ ಮಾಡಿ ತಂದೆ. ಗುಂಡಿಗಳ ಮೇಲೆಲ್ಲ ಜಪಾನಿ ಅಕ್ಷರ. ಯಾವುದು ಒತ್ತಿದರೆ ಓಡುತ್ತದೆ, ಯಾವುದು ಒತ್ತಿದರೆ ನಿಲ್ಲುತ್ತದೆ ಅಂತ ಮೆಕ್ಯಾನಿಕ್ಕು ತೋರಿಸಿಕೊಟ್ಟ, ನಾವು ಅದರ ಮೇಲೆ ಕನ್ನಡದಲ್ಲಿ ಚೀಟಿ ಅಂಟಿಸಿಕೊಂಡೆವು. ಸಿಲಿಂಡರಿನ ಪಕ್ಕ ಕವರಿನ ಮೇಲೆ ಒಂದು ಹಳದಿ ಸ್ಟಿಕ್ಕರ್ ಇತ್ತು. ಅದೇನು ಅಂತ ಯಾರೂ ಕೇಳಲಿಲ್ಲ. ಆಯುಧಪೂಜೆ ದಿನ ಅದರ ಮೇಲೇ ಅರಿಸಿನ ಕುಂಕುಮ ಇಟ್ಟೆವು.

ಆ ಕವರ್ ತೆಗೆದರೆ ಮಿಶನ್ ತಾನಾಗಿ ನಿಲ್ಲಬೇಕು, ಅದಕ್ಕೊಂದು ಸ್ವಿಚ್ ಇದೆ. ಮದುವೆ ಸೀಸನ್ನಿನಲ್ಲಿ ಪದೇ ಪದೇ ನಿಲ್ಲುತ್ತದೆ, ಕೆಲಸ ಕೆಡುತ್ತದೆ ಅಂತ ಆ ಸ್ವಿಚ್ಚಿಗೆ ತಂತಿ ಕಟ್ಟಿಸಿದವನು ನಾನೇ. ಬೇರೆಯವರ ಮೇಲೆ ಹಾಕುವುದಿಲ್ಲ. ಒಂದು ಸಂಜೆ ನಮ್ಮ ಹುಡುಗ ಕವರ್ ತೆರೆದುಕೊಂಡೇ, ಮಿಶನ್ ಓಡುತ್ತಿದ್ದ ಹಾಗೇ ಬ್ಲಾಂಕೆಟ್ ಒರೆಸಲು ಹೋದ. ಬಟ್ಟೆ ಸಿಲಿಂಡರಿಗೆ ಸಿಕ್ಕಿತು. ಬಟ್ಟೆಯ ಹಿಂದೆ ಕೈ ಹೋಯಿತು. ಎರಡು ಬೆರಳಿನ ತುದಿ ಹೋದವು. ಆಸ್ಪತ್ರೆ ಖರ್ಚು ನಾನು ಕೊಟ್ಟೆ, ಸಂಬಳ ನಿಲ್ಲಿಸಲಿಲ್ಲ. ಆದರೆ ಬೆರಳು ಕೊಡುವುದಕ್ಕೆ ಆಗುತ್ತದೆಯೇ?

ಅದಾದ ಒಂದು ತಿಂಗಳಿಗೆ ಮಗಳ ಮದುವೆ ಪತ್ರಿಕೆ ಮಾಡಿಸಲು ಒಬ್ಬರು ಬಂದರು. ಜಪಾನಿನಲ್ಲಿ ಕೆಲವು ವರ್ಷ ಕೆಲಸ ಮಾಡಿ ಬಂದ ಎಂಜಿನಿಯರ್. ಪ್ರೂಫ್ ಬರುವತನಕ ಮಿಶನ್ ಸುತ್ತ ಓಡಾಡಿಕೊಂಡಿದ್ದವರು ಆ ಸ್ಟಿಕ್ಕರ್ ಮುಂದೆ ನಿಂತುಬಿಟ್ಟರು. 'ಏನ್ರೀ, ಇದನ್ನ ಓದಿದ್ದೀರಾ?' ಅಂದರು. 'ಇಲ್ಲ ಸರ್' ಅಂದೆ. ಅವರು ಓದಿದರು: 'ಕಬಾ ಓ ಅಕೆತ ಮಮ ಉಂತೆನ್ ಶಿನಾಯ್ದೆ ಕುದಸಾಯ್.' ಆಮೇಲೆ ಕನ್ನಡ ಮಾಡಿದರು: 'ಕವರನ್ನು ತೆರೆದ ಹಾಗೇ ಓಡಿಸಬೇಡಿ.'

ಈಗ ಮೊಬೈಲ್ ಹಿಡಿದರೆ ಅದೇ ಓದಿ ಹೇಳುತ್ತದೆ ಅನ್ನಿ. ಆಗ ನಮ್ಮ ಕೈಯಲ್ಲಿ ಅದಿರಲಿಲ್ಲ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮರುದಿನ ಅವರ ಮನೆಗೇ ಹೋಗಿ ಕೇಳಿದೆ, 'ಸರ್, ಆ ಸಾಲನ್ನು ಪದ ಪದ ಬಿಡಿಸಿ ಹೇಳಿ.' ಹೇಳಿದರು. ಆಮೇಲೆ ಭಾನುವಾರ ಭಾನುವಾರ ಹೋಗಿ ಕಲಿತದ್ದೇ ನನ್ನ ಜಪಾನಿ.

ಬಂಧುಗಳೇ, ಆ ಸಾಲಿನ ಜೋಡಣೆ ನೋಡಿ. ಕಬಾ ಅಂದರೆ ಕವರ್, ಇಂಗ್ಲಿಷಿನಿಂದಲೇ ಅವರಿಗೂ ಬಂದದ್ದು. ಓ ಅಂದರೆ ನಮ್ಮ 'ಅನ್ನು'. ಅಕೆತ ಅಂದರೆ ತೆರೆದ. ಮಮ ಅಂದರೆ ಹಾಗೇ. ಉಂತೆನ್ ಅಂದರೆ ಓಡಿಸುವ ಕೆಲಸ. ಶಿನಾಯ್ದೆ, ಮಾಡದೆ. ಕುದಸಾಯ್, ಕೊಡಿ, ದಯಪಾಲಿಸಿ. ಇಂಗ್ಲಿಷಿನಲ್ಲಿ ಹೇಳಬೇಕಾದರೆ ಈ ಸಾಲನ್ನು ತಲೆಕೆಳಗು ಮಾಡಬೇಕು. ಕನ್ನಡದಲ್ಲಿ ಇದ್ದ ಜಾಗದಲ್ಲೇ ಪದ ಇಡುತ್ತಾ ಹೋದರೆ ಸಾಕು. ಮೊಳೆ ಜೋಡಿಸಿದವನ ಮಗ ನಾನು, ಕಡ್ಡಿಯಲ್ಲಿ ಮೊಳೆ ಕೂತ ಹಾಗೆ ಅನ್ನಿಸಿತು.

ಈ ಮಮ ಹೇಳುವುದು ಇಷ್ಟೇ: ಒಂದು ಕೆಲಸ ಆಯಿತು, ಅದರಿಂದ ಒಂದು ಸ್ಥಿತಿ ಬಂತು, ಆ ಸ್ಥಿತಿ ಬದಲಾಗದೆ ಇರುವಾಗಲೇ ಇನ್ನೊಂದು ಕೆಲಸ ನಡೆಯಿತು. ದೀಪ ಹಾಕಿದ್ದು ಹಾಕಿದ ಹಾಗೇ ಇದೆ, ಮನುಷ್ಯ ಮಲಗಿಬಿಟ್ಟ: 'ದೆಂಕಿ ಓ ತ್ಸುಕೆತ ಮಮ ನೆತ.' ಚಪ್ಪಲಿ ಮೆಟ್ಟಿದ ಹಾಗೇ ಮನೆಯೊಳಗೆ ಬಂದ ಅನ್ನುವುದಕ್ಕೂ ಇದೇ. ಅವರಲ್ಲೂ ನಮ್ಮ ಹಾಗೆ ಬಾಗಿಲಲ್ಲೇ ಬಿಟ್ಟು ಒಳಗೆ ಬರಬೇಕು. ಹೆಸರಿನ ಮುಂದೆ ಬಂದರೆ ನಡುವೆ 'ನೋ' ಸೇರುತ್ತದೆ. ಮುಕಶಿ ನೋ ಮಮ, ಹಿಂದಿನ ಹಾಗೇ. ಪಜಾಮ ನೋ ಮಮ, ಪಾಯಿಜಾಮದಲ್ಲೇ, ಅಂದರೆ ಬಟ್ಟೆ ಬದಲಿಸದೆ. ನಮ್ಮ ಪಾಯಿಜಾಮ ಅಲ್ಲಿಗೂ ಹೋಗಿದೆ ನೋಡಿ. ಫೋನಿನಲ್ಲಿ 'ಹಾಗೇ ಇರಿ, ಇಡಬೇಡಿ' ಅನ್ನುವುದಕ್ಕೆ 'ಸೊನೊ ಮಮ' ಅನ್ನುತ್ತಾರೆ.

ಇದರಲ್ಲಿ ಒಂದು ಕಟ್ಟುನಿಟ್ಟಿದೆ. ಮಮದ ಹಿಂದೆ ಮುಗಿದ ಕ್ರಿಯೆ ಬರಬೇಕು. ನಿಂತ ಹಾಗೇ ತಿನ್ನಬಹುದು, ಯಾಕೆಂದರೆ ನಿಂತದ್ದು ಆಗಿಹೋದ ಸ್ಥಿತಿ. ನಡೆಯುತ್ತಾ ತಿನ್ನುವುದಕ್ಕೆ ಮಮ ಹಾಕಿದರೆ ತಪ್ಪು, ಅಲ್ಲಿ 'ನಗರ' ಅನ್ನುವ ಪ್ರತ್ಯಯ ಬೇಕು, ನಮ್ಮ 'ಉತ್ತಾ' ಇದ್ದ ಹಾಗೆ. ಅದೇ ಆಗದೆ ಉಳಿದದ್ದಕ್ಕೆ, 'ಏನೂ ಹೇಳದೆಯೇ ಹೋದ' ಅನ್ನುವಂಥದ್ದಕ್ಕೆ, ಭೂತಕಾಲ ಬರುವುದಿಲ್ಲ. 'ನಾನಿ ಮೊ ಇವನಾಯ್ ಮಮ.' ಹೇಳದೇ ಇರುವುದು ಇನ್ನೂ ನಡೆಯುತ್ತಲೇ ಇದೆಯಲ್ಲ, ಅದಕ್ಕೆ. ಇದನ್ನು ತಿಳಿದುಕೊಳ್ಳಲು ನನಗೆ ಎರಡು ಭಾನುವಾರ ಹಿಡಿಯಿತು.

ಮಮ ಯಾರನ್ನೂ ಬೈಯುವುದಿಲ್ಲ. ಬೈಯುವುದಕ್ಕೆ ಅವರಲ್ಲಿ ಬೇರೆಯದೇ ಇದೆ: 'ಪ್ಪನಶಿ'. ನಲ್ಲಿ ಬಿಟ್ಟೇ ಹೋಗಿದ್ದಾನೆ, ದೀಪ ಹಾಕಿಬಿಟ್ಟು ಹೋಗಿದ್ದಾನೆ ಅಂತ ಮನೆಯ ಹೆಂಗಸರು ಸಿಡುಕುತ್ತಾರಲ್ಲ, ಅದು. 'ಮಿಜು ಓ ದಶಿಪ್ಪನಶಿ', ನೀರು ಬಿಟ್ಟದ್ದು ಬಿಟ್ಟೇ ಇದೆ. ಹುಟ್ಟು 'ಹನಸು' ಅನ್ನುವ ಕ್ರಿಯೆಯಿಂದ, ಅದರ ಅರ್ಥ ಬಿಡು! ಅವರೂ ಬಿಡು, ನಾವೂ ಬಿಡು. ದಿನವೆಲ್ಲ ನಿಂತು ಕೆಲಸ ಮಾಡಿ ಕಾಲು ಸೋತವರು 'ತಚಿಪ್ಪನಶಿ' ಅನ್ನುತ್ತಾರೆ. ಪ್ರೆಸ್ಸಿನವರಿಗೆ ಅದನ್ನು ವಿವರಿಸಬೇಕಾಗಿಲ್ಲ.

ಇನ್ನೊಂದು, 'ಕಿರಿ'. ಹೋದವನು ಹೋದ, ಬರಲೇ ಇಲ್ಲ ಅನ್ನುತ್ತೇವಲ್ಲ, 'ಇತ್ತ ಕಿರಿ' ಅಂದರೆ ಅದು. ಅಷ್ಟು ಸಾಕು.

ನನಗೆ ಹೆಚ್ಚು ಖುಷಿ ಕೊಟ್ಟದ್ದು ಬಾಗಿಲಿನ ಪಾಠ. ಬಾಗಿಲು ತೆರೆದಿದೆ: 'ಅಯಿತೆ ಇರು.' ಯಾರೋ ಉದ್ದೇಶವಿಟ್ಟು ತೆರೆದು ಇಟ್ಟಿದ್ದಾರೆ: 'ಅಕೆತೆ ಅರು.' ಬೇಕಾಗುತ್ತದೆ, ಮೊದಲೇ ತೆರೆದಿಡು: 'ಅಕೆತೆ ಒಕು.' ಒಕು ಅಂದರೆ ಇಡು. ತೆರೆದಿದೆ, ತೆರೆದಿಟ್ಟಿದೆ, ತೆರೆದಿಡು. ಒಂದೇ ಬಾಗಿಲು, ಯಾರು ತೆರೆದರು, ಯಾಕೆ ತೆರೆದರು ಅಂತ ಕ್ರಿಯಾಪದದ ಬಾಲದಲ್ಲೇ ಗೊತ್ತಾಗುತ್ತದೆ. ನಮ್ಮ ಅಜ್ಜಿ 'ಹಾಲು ಕಾಯಿಸಿಟ್ಟಿದೀನಿ' ಅಂದಾಗ ಇಷ್ಟು ವ್ಯಾಕರಣ ಇತ್ತು ಅಂತ ನನಗೆ ಗೊತ್ತೇ ಇರಲಿಲ್ಲ.

ಇಲ್ಲಿ ಕೆಲವರು ಎದ್ದು ಕೂತಿರಿ, ಗೊತ್ತು. 'ಇರು' ಅಲ್ಲೂ ಇರು, ಇಲ್ಲೂ ಇರು, ಹಾಗಾದರೆ ಜಪಾನಿ ನಮ್ಮ ದ್ರಾವಿಡ ಭಾಷೆಯೇ ಅಂತ ನಾಳೆ ಬ್ಯಾನರ್ ಮಾಡಿಸಲು ನನ್ನ ಪ್ರೆಸ್ಸಿಗೇ ಬರಬಹುದು. ಮಾಡಿಸಬೇಡಿ. ಅವರ ಇರು ಹಿಂದೆ 'ವಿರು' ಆಗಿತ್ತು, ಅರ್ಥ ಕುಳಿತುಕೊಳ್ಳು. ಉಚ್ಚಾರ ಒಂದಾದದ್ದು ಕಾಕತಾಳೀಯ. ಜಪಾನಿನ ಸುಸುಮು ಓನೊ ಅನ್ನುವ ವಿದ್ವಾಂಸರು, 1919ರಲ್ಲಿ ಹುಟ್ಟಿ 2008ರಲ್ಲಿ ತೀರಿಕೊಂಡವರು, ಜಪಾನಿಗೂ ತಮಿಳಿಗೂ ಸಂಬಂಧವಿದೆ ಅಂತ ವರ್ಷಗಟ್ಟಲೆ ವಾದಿಸಿದರು. ಹೆಚ್ಚಿನ ಭಾಷಾಶಾಸ್ತ್ರಜ್ಞರು ಒಪ್ಪಲಿಲ್ಲ. ನಂಟು ಇಲ್ಲದಿದ್ದರೆ ಏನಾಯಿತು? ಕ್ರಿಯಾಪದ ಕೊನೆಗೆ ಬರುವ ಎರಡು ಭಾಷೆಗಳು ಒಂದೇ ಕಷ್ಟಕ್ಕೆ ಒಂದೇ ತರಹದ ದಾರಿ ಹುಡುಕಿಕೊಂಡಿವೆ. ಅದೇನು ಸಣ್ಣ ವಿಷಯವಲ್ಲ.

ನನ್ನ ಕಸುಬಿನ ಮಾತೊಂದು ಹೇಳಲೇಬೇಕು. ಜಪಾನಿನ ಅಚ್ಚಿನ ಪುಸ್ತಕದಲ್ಲಿ ಹಳೆಯ ಪತ್ರವನ್ನೋ ಇನ್ನೊಬ್ಬರ ಬರಹವನ್ನೋ ಉದ್ಧರಿಸುವಾಗ, ಅದರಲ್ಲಿ ತಪ್ಪಿದ್ದರೆ ತಿದ್ದುವುದಿಲ್ಲ. ಆ ಪದದ ಪಕ್ಕ ಚಿಕ್ಕ ಅಕ್ಷರದಲ್ಲಿ 'ಮಮ' ಅಂತ ಹಾಕುತ್ತಾರೆ. ಮೂಲದಲ್ಲಿ ಇದ್ದ ಹಾಗೇ, ತಪ್ಪು ನಮ್ಮದಲ್ಲ ಅಂತ. ಪ್ರೂಫ್ ನೋಡುವವರೂ ಅದನ್ನೇ ಬಳಸುತ್ತಾರೆ. ತಿದ್ದಿದ್ದು ಬೇಡ, ಮೊದಲಿನ ಹಾಗೇ ಇರಲಿ ಅನ್ನಬೇಕಾದರೆ ಮಮ ಅಂತಲೋ 'ಇಕಿ' ಅಂತಲೋ ಬರೆಯುತ್ತಾರೆ. ಇಕಿ ಅಂದರೆ ಬದುಕಿದೆ! ನಾವು ಪದದ ಕೆಳಗೆ ಚುಕ್ಕಿ ಇಟ್ಟು 'ಸ್ಟೆಟ್' ಅನ್ನುವ ಲ್ಯಾಟಿನ್ ಪದ ಗೀಚುತ್ತೇವೆ, ಅದರ ಅರ್ಥ ಎಷ್ಟು ಜನ ಕಂಪಾಸಿಟರ್‌ಗಳಿಗೆ ಗೊತ್ತಿತ್ತೋ. ನಮ್ಮಲ್ಲಿ ಅಚ್ಚಾದ ಒಂದು ಕಥಾಸಂಕಲನದಲ್ಲಿ ಬಡಗಣ ಸೀಮೆಯ ಮುದುಕಿಯೊಬ್ಬಳು 'ಬಂದೀನಿ' ಅನ್ನುತ್ತಾಳೆ. ಪ್ರೂಫ್ ತಿದ್ದುವವರು ಪುಟಪುಟದಲ್ಲೂ 'ಬಂದಿದ್ದೇನೆ' ಮಾಡಿಟ್ಟರು. ಲೇಖಕರು ಬಂದು ಬೈದರು. ಒಂದು ಫಾರಂ ಆಗಲೇ ಅಚ್ಚಾಗಿತ್ತು, ಕಾಗದದ ನಷ್ಟ ನನ್ನ ತಲೆಗೆ ಬಂತು. ಅಂದಿನಿಂದ ನಮ್ಮ ಪ್ರೆಸ್ಸಿನ ಪ್ರೂಫಿನಲ್ಲಿ ಅಂಚಿಗೆ 'ಇದ್ದ ಹಾಗೇ' ಅಂತ ಕನ್ನಡದಲ್ಲೇ ಬರೆಯುತ್ತೇವೆ.

ಇನ್ನು ಆ ಸ್ಟಿಕ್ಕರಿನ ವಿಷಯ. ತಂತಿ ಕಿತ್ತುಹಾಕಿಸಿ ಸ್ವಿಚ್ ಸರಿ ಮಾಡಿಸಿದೆ. ಕನ್ನಡದಲ್ಲಿ ದೊಡ್ಡ ಅಕ್ಷರದಲ್ಲಿ ಸ್ಟಿಕ್ಕರ್ ಹಾಕಿದೆ. ನನ್ನ ಹೊಸ ವಿದ್ಯೆಯ ಜಂಬ, ಜಪಾನಿ ಸಾಲನ್ನು ಪದಕ್ಕೆ ಪದ ಇಳಿಸಿದೆ: 'ಕವರ್ ತೆರೆದ ಹಾಗೆ ಓಡಿಸಬೇಡಿ.' ಕಂಪ್ಯೂಟರಿನವನು 'ಗೇ'ಗೆ ದೀರ್ಘ ಬಿಟ್ಟಿದ್ದ. ನಾನೂ ನೋಡಲಿಲ್ಲ, ಅಚ್ಚಾಯಿತು, ಅಂಟಿಸಿಯೂ ಆಯಿತು.

ಬೆರಳು ಕಳೆದುಕೊಂಡ ಹುಡುಗ ಅಷ್ಟರಲ್ಲಿ ಕೆಲಸಕ್ಕೆ ವಾಪಸ್ ಬಂದಿದ್ದ. ಸ್ಟಿಕ್ಕರ್ ಓದಿದ, ತಲೆ ಕೆರೆದುಕೊಂಡ. 'ಅಣ್ಣಾ, ತೆರೆದ ಹಾಗೆ ಅಂದ್ರೆ ಏನು? ನಿದ್ದೆ ಮಾಡಿದ ಹಾಗೆ ಮಾಡ್ತಾರಲ್ಲ, ಹಂಗಾ? ತೆರೆಯದೇ ತೆರೆದಂಗೆ ಮಾಡೋದಾ?'

ನಾನು ಬಾಯಿ ಮುಚ್ಚಿದೆ. ಅವನು ಹೇಳಿದ್ದು ಸರಿ. ಜಪಾನಿಯಲ್ಲಿ ಸೋಗಿಗೆ ಬೇರೆ ಪದ, ಇದ್ದ ಸ್ಥಿತಿಗೆ ಬೇರೆ ಪದ. ನಮ್ಮಲ್ಲಿ ಎರಡಕ್ಕೂ ಹಾಗೆ. ನಡುವೆ ಇರುವುದು ಒಂದು ದೀರ್ಘ, ಮಾತಿನಲ್ಲಿ ಒತ್ತಿ ಹೇಳಿದರೆ ಕೇಳುತ್ತದೆ, ಅಚ್ಚಿನಲ್ಲಿ ಬಿದ್ದುಹೋದರೆ ಹೋಯಿತು. ದೀರ್ಘ ಹಾಕಿ ಮತ್ತೆ ಹೊಡೆಸುತ್ತೇನೆ ಅಂದೆ. ಅವನು ಬೇಡ ಅಂದ.

'ಅಣ್ಣಾ, ಓದೋರು ಮಿಶನ್ ಮುಂದೆ ನಿಂತು ದೀರ್ಘ ನೋಡ್ತಾರಾ? ಕವರ್ ತೆಗೆದಿದ್ರೆ ಮಿಶನ್ ಹಾಕ್ಬೇಡಿ ಅಂತ ಬರೀರಿ. ಕೆಳಗೆ ಒಂದು ಕೈಯಿನ ಚಿತ್ರ ಹಾಕಿ.'

ಹಾಗೇ ಹೊಡೆಸಿದೆ. ಕೈಯಿನ ಚಿತ್ರಕ್ಕೆ ಅವನ ಕೈಯನ್ನೇ ಕಾಗದದ ಮೇಲಿಟ್ಟು ಗೆರೆ ಎಳೆದೆವು, ಎರಡು ಬೆರಳು ಗಿಡ್ಡ. ಹಳದಿ ಜಪಾನಿ ಸ್ಟಿಕ್ಕರನ್ನು ಕೀಳಲಿಲ್ಲ, ಅದರ ಪಕ್ಕದಲ್ಲೇ ಇದನ್ನು ಅಂಟಿಸಿದ್ದೇವೆ. ಆ ಮಿಶನ್ ಈಗಲೂ ನನ್ನ ಹತ್ತಿರ ಇದೆ, ಅದನ್ನು ಓಡಿಸುವವನೂ ಅವನೇ. ಪ್ರೆಸ್ಸಿಗೆ ಬಂದರೆ ನೋಡಬಹುದು.