ಮೇಲ್ಮನೆಯ ಹನ್ನೊಂದು ಕುರ್ಚಿ

(ಹಂಪಾಪುರದಲ್ಲಿ ನೀಡಿದ ದತ್ತಿ ಉಪನ್ಯಾಸ)



ನಾನು ರಾಜ್ಯಶಾಸ್ತ್ರ ಪಾಠ ಹೇಳಿ ನಿವೃತ್ತನಾದವನು. ವಿಧಾನ ಪರಿಷತ್ತಿನ ಪಾಠ ಬಂದ ದಿನ ಕಪ್ಪುಹಲಗೆಯ ಮೇಲೆ ‘ಚಿಂತಕರ ಚಾವಡಿ’ ಎಂದು ಬರೆದು ತಿರುಗುವಷ್ಟರಲ್ಲಿ ಹಿಂದಿನ ಬೆಂಚಿನಿಂದ ಯಾರಾದರೂ ಒಬ್ಬರು ಕೇಳುತ್ತಿದ್ದರು: “ಸಾರ್, ಅದು ಸೋತೋರಿಗೆ ಕೊಡೋದಲ್ವಾ?” ವರ್ಷ ವರ್ಷವೂ ಮಕ್ಕಳು ಬೇರೆ, ಪ್ರಶ್ನೆ ಅದೇ. ಹದಿನೇಳು ವರ್ಷದ ಮಕ್ಕಳು ಅದನ್ನು ಪುಸ್ತಕದಲ್ಲಿ ಓದಿರಲಿಲ್ಲ. ಮನೆಯ ಜಗುಲಿಯಲ್ಲಿ, ಬಸ್ ಸ್ಟ್ಯಾಂಡಿನಲ್ಲಿ ಕೇಳಿಸಿಕೊಂಡಿದ್ದರು. ಆ ಪ್ರಶ್ನೆಗೆ ಅಂದು ನಾನು ಕೊಡುತ್ತಿದ್ದ ಉತ್ತರ ನನಗೇ ಸಾಲದೆನಿಸುತ್ತಿತ್ತು. ಇವತ್ತು ನಿಮ್ಮೆದುರು ಅದನ್ನು ಸರಿಯಾಗಿ ಹೇಳಲು ಪ್ರಯತ್ನಿಸುತ್ತೇನೆ.

ಮೊದಲು ಒಂದು ತಪ್ಪು ತಿಳಿವಳಿಕೆ ಹೋಗಬೇಕು. ಪರಿಷತ್ತು ಜನ ಆರಿಸದ ಮನೆ ಎಂಬ ಮಾತು ಪೂರ್ತಿ ನಿಜವಲ್ಲ. ಅಲ್ಲಿರುವುದು 75 ಸ್ಥಾನ. ವಿಧಾನಸಭೆಯ ಸದಸ್ಯರು ಆರಿಸುವುದು 25, ಸ್ಥಳೀಯ ಸಂಸ್ಥೆಗಳವರು ಆರಿಸುವುದು 25, ಪದವೀಧರರು 7, ಶಿಕ್ಷಕರು 7. ಉಳಿದ 11 ಮಾತ್ರ ರಾಜ್ಯಪಾಲರ ನಾಮನಿರ್ದೇಶನ. ಆರು ವರ್ಷದ ಅವಧಿ, ಎರಡು ವರ್ಷಕ್ಕೊಮ್ಮೆ ಮೂರನೇ ಒಂದು ಭಾಗದಷ್ಟು ಮಂದಿಯ ನಿವೃತ್ತಿ. ಹಾಗಾಗಿ ಈ ಮನೆ ಒಮ್ಮೆಗೇ ವಿಸರ್ಜನೆಯಾಗುವುದಿಲ್ಲ.

ಸ್ಥಳೀಯ ಸಂಸ್ಥೆಗಳ ಆ 25ರಲ್ಲಿ ಮೈಸೂರು ಮತ್ತು ಚಾಮರಾಜನಗರ ಜಿಲ್ಲೆಗಳಿಗೆ ಸೇರಿ ಎರಡು ಸ್ಥಾನ. ಆ ಎರಡಕ್ಕೆ ಮತ ಹಾಕುವವರಲ್ಲಿ ಗ್ರಾಮ ಪಂಚಾಯಿತಿ ಸದಸ್ಯರೇ ಬಹುಪಾಲು. ಈ ಸಭೆಯಲ್ಲಿ ಕೂತಿರುವ ಪಂಚಾಯಿತಿ ಸದಸ್ಯರೇ, ಮೇಲ್ಮನೆ ಬೆಂಗಳೂರಿನಲ್ಲಿದೆ ಎಂದುಕೊಂಡಿದ್ದೇವೆ, ಅದರ ಒಂದು ಬಾಗಿಲು ನಿಮ್ಮ ಪಂಚಾಯಿತಿ ಕಚೇರಿಯಲ್ಲಿದೆ.

ಆ ಬಾಗಿಲಿನ ಕಥೆಯೂ ಸುಖದ್ದಲ್ಲ. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಒಂದು ಅವಧಿಗೆ ಪಂಚಾಯಿತಿ ಸದಸ್ಯೆಯಾಗಿದ್ದಳು. ಪರಿಷತ್ತಿನ ಚುನಾವಣೆ ಬಂದಾಗ ರಾತ್ರಿ ಮನೆಗೆ ಲಕೋಟೆ ಬಂತಂತೆ. ಅವಳು ಬೇಡವೆಂದಳು, ಗಂಡನ ಅಣ್ಣ ಇಸಿದುಕೊಂಡರು. “ಮತ ಯಾರಿಗೆ ಹಾಕಿದೆ ಅಂತ ನೀವೂ ಕೇಳಲಿಲ್ಲ ಸಾರ್, ಎಷ್ಟು ಬಂತು ಅಂತ ಊರೆಲ್ಲ ಕೇಳಿತು” ಎಂದು ನನ್ನೆದುರು ಅತ್ತಳು. ಅವಳ ಆ ಮಾತು ನನ್ನನ್ನು ಇನ್ನೂ ಬಿಟ್ಟಿಲ್ಲ. ಅಪನಂಬಿಕೆ ಎಂದರೆ ಜನ ರಾಜಕಾರಣಿಯನ್ನು ನಂಬದಿರುವುದಷ್ಟೇ ಅಲ್ಲ, ಒಳ್ಳೆಯವಳನ್ನೂ ನಂಬದಂತಾಗುವುದು.

ಈಗ ಹನ್ನೊಂದರ ವಿಚಾರ. ಸಂವಿಧಾನದ 171ನೇ ವಿಧಿ ಆ ಕುರ್ಚಿಗಳು ಯಾರಿಗೆ ಎಂದು ಸ್ಪಷ್ಟವಾಗಿ ಹೇಳಿದೆ: ಸಾಹಿತ್ಯ, ವಿಜ್ಞಾನ, ಕಲೆ, ಸಹಕಾರ ಚಳವಳಿ, ಸಮಾಜ ಸೇವೆ ಇವುಗಳಲ್ಲಿ ವಿಶೇಷ ಜ್ಞಾನ ಅಥವಾ ಅನುಭವ ಇರುವವರಿಗೆ. ರಾಜ್ಯಸಭೆಯ ನಾಮನಿರ್ದೇಶನದ ಪಟ್ಟಿಯಲ್ಲಿ ಸಹಕಾರ ಚಳವಳಿ ಇಲ್ಲ, ನಮ್ಮ ಪಟ್ಟಿಯಲ್ಲಿ ಇದೆ. ಹಾಲಿನ ಡೇರಿ ಕಟ್ಟಿದವರು, ಸೊಸೈಟಿ ನಡೆಸಿದವರು ಶಾಸನ ಮಾಡುವ ಕಡೆ ಕೂರಬೇಕು ಎಂದು ಯೋಚಿಸಿದ ಸಂವಿಧಾನ ರಚನಕಾರರನ್ನು ನೆನೆದರೆ ನನಗೆ ಗೌರವ ಉಕ್ಕುತ್ತದೆ. ಕವಿ ಸಿದ್ಧಲಿಂಗಯ್ಯನವರು ಎರಡು ಅವಧಿಗೆ ಆ ಮನೆಯಲ್ಲಿದ್ದರು. ಚಂದ್ರಶೇಖರ ಕಂಬಾರರೂ ಇದ್ದರು.

ನಮ್ಮ ಸೀಮೆಗೇ ಸೇರಿದ ಒಂದು ಪ್ರಕರಣ ಎತ್ತಿಕೊಳ್ಳೋಣ. ಅಡಗೂರು ಎಚ್. ವಿಶ್ವನಾಥ್ ಅವರು ಕೆ.ಆರ್. ನಗರದಿಂದ ಶಾಸಕರಾಗಿ, ಮೈಸೂರಿನಿಂದ ಸಂಸದರಾಗಿ ಇದ್ದವರು. 2018ರಲ್ಲಿ ಹುಣಸೂರಿನಿಂದ ಜೆಡಿಎಸ್‌ನಿಂದ ಗೆದ್ದರು. 2019ರಲ್ಲಿ ಸರ್ಕಾರ ಬಿದ್ದಾಗ ಅನರ್ಹಗೊಂಡವರಲ್ಲಿ ಒಬ್ಬರು. ಅದೇ ವರ್ಷ ಡಿಸೆಂಬರ್‌ನ ಉಪಚುನಾವಣೆಯಲ್ಲಿ ಹುಣಸೂರಿನ ಮತದಾರರು ಅವರನ್ನು ಸೋಲಿಸಿದರು. 2020ರ ಜುಲೈನಲ್ಲಿ ಅವರು ಪರಿಷತ್ತಿಗೆ ನಾಮಕರಣಗೊಂಡರು. ಆಮೇಲೆ ಮಂತ್ರಿಯಾಗಬಹುದೇ ಎಂಬ ಪ್ರಶ್ನೆ ಹೈಕೋರ್ಟಿಗೆ ಹೋಯಿತು. 2020ರ ನವೆಂಬರ್ 30ರಂದು ಹೈಕೋರ್ಟು ತನ್ನ ಮಧ್ಯಂತರ ಆದೇಶದಲ್ಲಿ, ನಾಮಕರಣ ಎಂದರೆ ಮತ್ತೆ ಆರಿಸಿಬಂದಂತೆ ಅಲ್ಲ, ಆದ್ದರಿಂದ ಅನರ್ಹತೆ ಉಳಿಯುತ್ತದೆ ಎಂಬ ನಿಲುವು ತಳೆಯಿತು. 2021ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಅದರಲ್ಲಿ ಕೈ ಹಾಕಲಿಲ್ಲ. ಶಾಸಕರ ಮತದಿಂದ ಅದೇ ಪರಿಷತ್ತಿಗೆ ಬಂದ ಬೇರೆ ಇಬ್ಬರು ಅನರ್ಹ ಶಾಸಕರಿಗೆ ಈ ಅಡ್ಡಿ ಬರಲಿಲ್ಲ.

ವಿಶ್ವನಾಥ್ ಅವರು ಪುಸ್ತಕ ಬರೆದವರು, ಅದನ್ನು ನಾನು ಹಗುರ ಮಾಡುವುದಿಲ್ಲ. ವ್ಯಕ್ತಿಯನ್ನು ಬದಿಗಿಟ್ಟು ಕ್ರಮವನ್ನು ನೋಡಿ. ಹುಣಸೂರಿನ ಮತಗಟ್ಟೆಯಲ್ಲಿ ಬಿಸಿಲಿಗೆ ನಿಂತು ಒಬ್ಬ ರೈತ ಬೇಡ ಎಂದ ಏಳೇ ತಿಂಗಳಲ್ಲಿ ಬೇರೊಂದು ಬಾಗಿಲು ತೆರೆಯಿತು. ಯಾಕೆ ತೆರೆಯಿತು ಎಂದು ಆ ರೈತನಿಗೆ ಯಾರೂ ವಿವರಿಸಲಿಲ್ಲ. ವಿವರಿಸಬೇಕೆಂಬ ನಿಯಮವೂ ಇಲ್ಲ. ನನ್ನ ದೂರು ಇರುವುದು ಆ ಮೌನದ ಮೇಲೆ.

ಪರಿಷತ್ತನ್ನು ಚಿಂತಕರ ಚಾವಡಿ ಎನ್ನುತ್ತೇವೆ. ಚಾವಡಿ ಎಂದರೆ ಏನು? ನಮ್ಮ ಊರುಗಳಲ್ಲಿ ಚಾವಡಿಗೆ ಕರೆದರೆ ಯಾಕೆ ಕರೆದರು ಎಂದು ಎಲ್ಲರೆದುರು ಹೇಳಬೇಕಿತ್ತು. 1881ರ ಅಕ್ಟೋಬರ್ 7ರಂದು, ದಸರೆಯ ಕಾಲದಲ್ಲಿ, ದಿವಾನ್ ರಂಗಾಚಾರ್ಲು ಅವರು ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆಯನ್ನು ಸೇರಿಸಿದರು. 144 ಮಂದಿ. ಅವರನ್ನು ಯಾರೂ ಮತ ಹಾಕಿ ಆರಿಸಿರಲಿಲ್ಲ, ಚುನಾವಣೆ ಬಂದದ್ದು 1891ರಲ್ಲಿ. ಶಾಸನ ಮಾಡುವ ಅಧಿಕಾರವೂ ಇರಲಿಲ್ಲ. ಆದರೂ ದಿವಾನರು ಎದ್ದು ನಿಂತು ಸಂಸ್ಥಾನದ ವರದಿ ಓದಿದರು, ಕೆರೆ, ಕಂದಾಯ, ಕಾಲುವೆಯ ಅಹವಾಲಿಗೆ ಸರ್ಕಾರ ಉತ್ತರ ಕೊಡುವ ಪದ್ಧತಿ ಬೆಳೆಯಿತು. 1907ರಲ್ಲಿ ಶಾಸನ ಪರಿಷತ್ತು ಸೇರಿಕೊಂಡಿತು. ನಮ್ಮ ಎರಡು ಮನೆಗಳ ಬೇರು ಇಲ್ಲಿದೆ. ಆರಿಸದವರ ಸಭೆಗೂ ಆ ಕಾಲದಲ್ಲಿ ಗೌರವ ಬಂದದ್ದು ಅದು ಕೇಳಿದ್ದಕ್ಕೆ ಉತ್ತರ ಸಿಗುತ್ತಿದ್ದುದರಿಂದ.

ಹಾಗಾದರೆ ಪರಿಷತ್ತನ್ನೇ ತೆಗೆದುಬಿಡಬಾರದೇಕೆ? ಆಂಧ್ರ 1985ರಲ್ಲಿ ತೆಗೆಯಿತು, 2007ರಲ್ಲಿ ಮತ್ತೆ ತಂದಿತು. ತಮಿಳುನಾಡು 1986ರಲ್ಲಿ ತೆಗೆದದ್ದು ತೆಗೆದೇ ಇದೆ. ಈಗ ದೇಶದಲ್ಲಿ ಆರು ರಾಜ್ಯಗಳಲ್ಲಿ ಮಾತ್ರ ಪರಿಷತ್ತು ಉಳಿದಿದೆ. ಅದು ಒಂದು ಮಸೂದೆಯನ್ನು ಕೊನೆಗೂ ತಡೆಯಲಾರದು. ಮೊದಲ ಸಲ ಮೂರು ತಿಂಗಳು, ಎರಡನೇ ಸಲ ಒಂದು ತಿಂಗಳು ತಡಮಾಡಬಲ್ಲುದು, ಅಷ್ಟೆ. 2024ರ ಫೆಬ್ರುವರಿಯಲ್ಲಿ ಮುಜರಾಯಿ ದೇವಸ್ಥಾನಗಳ ತಿದ್ದುಪಡಿ ಮಸೂದೆ ಅಲ್ಲಿ ಬಿದ್ದಿತು, ಕೆಲವೇ ದಿನಗಳಲ್ಲಿ ವಿಧಾನಸಭೆ ಅದನ್ನು ಮತ್ತೆ ಅಂಗೀಕರಿಸಿತು. 2020ರ ಡಿಸೆಂಬರ್ 15ರಂದು ಸಭಾಪತಿಯ ಪೀಠದ ಸುತ್ತ ಸದಸ್ಯರು ತಳ್ಳಾಡಿದ್ದನ್ನು ಟಿವಿಯಲ್ಲಿ ನೋಡಿದ ರಾತ್ರಿ, ತೆಗೆದುಹಾಕಲಿ ಎಂದು ನನಗೂ ಅನಿಸಿತ್ತು.

ಆದರೆ ಆ ವರ್ಷವೇ, ವಿಶ್ವನಾಥ್ ಅವರ ಜೊತೆಯ ಅದೇ ಪಟ್ಟಿಯಲ್ಲಿ, ಉತ್ತರ ಕನ್ನಡದ ಶಾಂತಾರಾಮ ಸಿದ್ದಿಯವರ ಹೆಸರಿತ್ತು. ಸಿದ್ದಿ ಸಮುದಾಯದಿಂದ ಶಾಸನಸಭೆ ಹೊಕ್ಕ ಮೊದಲಿಗರು ಅವರು. ಸಾರ್ವತ್ರಿಕ ಚುನಾವಣೆಯ ಲೆಕ್ಕದಲ್ಲಿ ಸಿದ್ದಿಗಳಿಗೆ ಆ ಕುರ್ಚಿ ಯಾವತ್ತು ಸಿಗುತ್ತಿತ್ತು? ನಮ್ಮ ತಾಲ್ಲೂಕನ್ನೇ ನೋಡಿ. ಎಚ್.ಡಿ. ಕೋಟೆ ಪರಿಶಿಷ್ಟ ಪಂಗಡಕ್ಕೆ ಮೀಸಲಾದ ಕ್ಷೇತ್ರ. ಅದರೊಳಗೂ ಕಾಡಂಚಿನ ಹಾಡಿಗಳ ಜೇನುಕುರುಬರ ಸಂಖ್ಯೆ ಗೆಲ್ಲುವಷ್ಟಿಲ್ಲ. ಕಬಿನಿ ಅಣೆಕಟ್ಟು, ಹುಲಿ ಯೋಜನೆ, ಅರಣ್ಯ ಹಕ್ಕು ಇವೆಲ್ಲ ಅವರ ಬದುಕಿನ ಮೇಲೆಯೇ ನಡೆದ ಶಾಸನಗಳು, ತೀರ್ಮಾನಗಳು. ಜೇನು ಬಿಡಿಸುವ ಕೈಗಳಿಗೆ ಗೊತ್ತಿರುವುದು ಕಾನೂನಿನ ಪುಸ್ತಕಕ್ಕೆ ಗೊತ್ತಿಲ್ಲ. ಆ ಹನ್ನೊಂದು ಕುರ್ಚಿಗಳನ್ನು ನಾನು ಬಿಟ್ಟುಕೊಡಲು ಒಪ್ಪದಿರುವುದು ಇದಕ್ಕಾಗಿ.

ನಾನು ಕೇಳುವುದು ಇಷ್ಟು. ನಾಮಕರಣದ ಹೆಸರನ್ನು ಸಚಿವ ಸಂಪುಟ ರಾಜಭವನಕ್ಕೆ ಕಳಿಸುವಾಗ, ಪ್ರತಿ ಹೆಸರಿಗೂ ಒಂದು ಪುಟದ ಕಾರಣವನ್ನು ಕನ್ನಡದಲ್ಲಿ ಪ್ರಕಟಿಸಲಿ: ಐದು ಕ್ಷೇತ್ರಗಳಲ್ಲಿ ಯಾವುದು, ಮಾಡಿದ ಕೆಲಸ ಏನು. ಚಾಲ್ತಿಯಲ್ಲಿರುವ ವಿಧಾನಸಭೆಗೆ ನಿಂತು ಸೋತವರ ಹೆಸರು ಆ ಸಭೆಯ ಅವಧಿ ಮುಗಿಯುವವರೆಗೆ ಬೇಡ. ಇದಕ್ಕೆ ಸಂವಿಧಾನ ತಿದ್ದಬೇಕಿಲ್ಲ, ಮುಖ್ಯಮಂತ್ರಿಯೊಬ್ಬರು ಮನಸ್ಸು ಮಾಡಿದರೆ ಸಂಪ್ರದಾಯವಾಗಿ ಆರಂಭಿಸಬಹುದು. ಸರ್ಕಾರವನ್ನು ಬಿಟ್ಟು ರಾಜ್ಯಪಾಲರೇ ಆರಿಸಲಿ ಎಂಬ ಸಲಹೆಯನ್ನು ನಾನು ಒಪ್ಪುವುದಿಲ್ಲ. ಮಹಾರಾಷ್ಟ್ರದಲ್ಲಿ 2020ರ ನವೆಂಬರ್‌ನಲ್ಲಿ ಸರ್ಕಾರ ಕಳಿಸಿದ 12 ಹೆಸರುಗಳು ರಾಜಭವನದಲ್ಲೇ ತಿಂಗಳುಗಟ್ಟಲೆ ಕೂತವು. ಅಲ್ಲಿಯೂ ಜನಕ್ಕೆ ಸಿಕ್ಕಿದ್ದು ಮೌನವೇ. ಬ್ರಿಟನ್ನಿನ ಮೇಲ್ಮನೆಯಲ್ಲಿ ವಂಶದ ಹಕ್ಕಿನಿಂದ ಕೂರುತ್ತಿದ್ದವರನ್ನು 1999ರಲ್ಲಿ 92ಕ್ಕೆ ಇಳಿಸಿದರು. ಅಷ್ಟು ಹಳೆಯ ಮನೆಯೇ ಬದಲಾಯಿತು. ನಮ್ಮಲ್ಲಿ ಒಂದು ಪುಟ ಬರೆಯುವುದು ದೊಡ್ಡ ಕೆಲಸವಲ್ಲ.

2021ರ ಡಿಸೆಂಬರ್ 10ರ ಮತದಾನದಲ್ಲಿ ಪಂಚಾಯಿತಿಗಳಿಂದ ಆರಿಸಿಬಂದವರ ಅವಧಿ 2028ರ ಜನವರಿಯಲ್ಲಿ ಮುಗಿಯುತ್ತದೆ. ಅದಕ್ಕೂ ಮುಂಚೆ ಅಭ್ಯರ್ಥಿಗಳು ಈ ರಸ್ತೆಯಲ್ಲೇ ಬರುತ್ತಾರೆ. ಆಗ ಸದಸ್ಯರಾಗಿರುವವರು, ವಿಶೇಷವಾಗಿ ಹೆಣ್ಣುಮಕ್ಕಳು, ಅವರನ್ನು ರಾತ್ರಿ ಮನೆಯಲ್ಲಿ ನೋಡಬೇಡಿ, ಹಗಲು ಪಂಚಾಯಿತಿ ಕಚೇರಿಗೆ ಕರೆಯಿರಿ, ಊರವರೂ ಬಂದು ಕೂರಲಿ. “ಹನ್ನೊಂದು ಹೆಸರಿಗೂ ಕಾರಣ ಬರೆಯಬೇಕು ಅಂತ ಸದನದಲ್ಲಿ ಎದ್ದು ನಿಂತು ಕೇಳ್ತೀರಾ?” ಎಂದು ಕೇಳಿ. ಅವರು ಹೇಳಿದ್ದನ್ನು ನಡಾವಳಿ ಪುಸ್ತಕದಲ್ಲಿ ಬರೆಸಿಡಿ.