ಕಿವಿಯಲ್ಲಿ ಕಂಡ ಬ್ರಹ್ಮಾಂಡ

ನಮ್ಮ ಆಲಂಕಾರಿಕರು ಕಾವ್ಯವನ್ನು ದೃಶ್ಯವೆಂದೂ ಶ್ರವ್ಯವೆಂದೂ ವಿಭಾಗಿಸಿ ನಾಟಕವನ್ನು ದೃಶ್ಯದ ಪಾಲಿಗೆ ಬಿಟ್ಟರು. ಬಾನುಲಿ ಬಂದು ಆ ಗಡಿಯನ್ನು ಅಳಿಸಿತು. ರಂಗವಿಲ್ಲ, ವೇಷವಿಲ್ಲ, ಪರದೆಯಿಲ್ಲ. ಇಂಥದು ಕುಂದಿದ ನಾಟಕವಲ್ಲವೇ ಎಂದು ಕೇಳುವವರುಂಟು. ಅವರ ಸಮಾಧಾನಕ್ಕಾಗಿ ಇಂಗ್ಲೆಂಡಿನ ಒಂದು ಬಾನುಲಿ ನಾಟಕದ ವಿಚಾರವನ್ನು ಈ ಹೊತ್ತು ಪ್ರಸ್ತಾಪಿಸಬೇಕೆಂದಿದ್ದೇವೆ. ಅದರ ಹೆಸರು ‘ದಿ ಹಿಚ್‌ಹೈಕರ್ಸ್ ಗೈಡ್ ಟು ದಿ ಗ್ಯಾಲಕ್ಸಿ’. ಹಾದಿಯಲ್ಲಿ ಹೋಗುವ ಬಂಡಿಗೆ ಕೈಯೊಡ್ಡಿ ಬಿಟ್ಟಿ ಪ್ರಯಾಣ ಮಾಡುವವನಿಗೆ ನಕ್ಷತ್ರಲೋಕದ ಕೈಪಿಡಿ ಎಂದು ಅರ್ಥಮಾಡಿಕೊಳ್ಳಬಹುದು. ಬರೆದವರು ಡಗ್ಲಸ್ ಆಡಮ್ಸ್. ಬಿ.ಬಿ.ಸಿ. ಸಂಸ್ಥೆಯ ರೇಡಿಯೋ ಫೋರ್ ಕೇಂದ್ರದಿಂದ ೧೯೭೮ನೆಯ ಇಸವಿ ಮಾರ್ಚಿ ೮ರ ರಾತ್ರಿ ಹತ್ತೂವರೆ ಗಂಟೆಗೆ ಮೊದಲನೆಯ ಕಂತು ಪ್ರಸಾರವಾಯಿತು. ಆಗ ಗ್ರಂಥಕರ್ತರಿಗೆ ಇಪ್ಪತ್ತಾರು ತುಂಬಲು ಇನ್ನೂ ಮೂರು ದಿನವಿತ್ತು.

ವಿಜ್ಞಾನದ ಕಲ್ಪನೆಯಿಂದ ಹುಟ್ಟಿದ ಪ್ರಹಸನವಾದರೂ ಕಥೆ ಆರಂಭವಾಗುವುದು ಒಬ್ಬ ಸಾಧಾರಣ ಗೃಹಸ್ಥನ ಮನೆಯ ಮುಂದೆ. ಆರ್ಥರ್ ಡೆಂಟ್ ಎಂಬ ಈತ ಬೆಳಗ್ಗೆ ಎದ್ದು ನೋಡುತ್ತಾನೆ: ಮನೆಯನ್ನು ಕೆಡವಲು ಯಂತ್ರ ಬಂದು ನಿಂತಿದೆ. ಊರನ್ನು ಬಳಸಿಹೋಗುವ ಹೊಸ ರಸ್ತೆಗೆ ಆ ಸ್ಥಳ ಬೇಕಾಗಿದೆ. ಆರ್ಥರ್ ಕೆಸರಿನಲ್ಲಿ ಯಂತ್ರಕ್ಕೆ ಅಡ್ಡಲಾಗಿ ಮಲಗುತ್ತಾನೆ. ನಕ್ಷೆ ಒಂಬತ್ತು ತಿಂಗಳಿಂದ ಕಛೇರಿಯಲ್ಲಿ ಇದ್ದಿತಲ್ಲ, ಆಕ್ಷೇಪಣೆಯನ್ನು ಆಗಲೇ ಸಲ್ಲಿಸಬೇಕಾಗಿತ್ತು ಎಂದು ಅಧಿಕಾರಿಯ ವಾದ. ಇದ್ದಿತು, ನಿಜ, ದೀಪವಿಲ್ಲದ ನೆಲಮಾಳಿಗೆಯಲ್ಲಿ, ಬಳಕೆ ತಪ್ಪಿದ ಶೌಚಗೃಹದೊಳಗೆ, ಬೀಗ ಹಾಕಿದ ಬೀರುವಿನ ತಳದಲ್ಲಿ ಇದ್ದಿತು. ಬಾಗಿಲಿನ ಮೇಲೆ ಚಿರತೆಯಿದೆಯೆಂಬ ಎಚ್ಚರಿಕೆಯ ಹಲಗೆ ಬೇರೆ!

ಈ ಜಗಳ ಮುಗಿಯುವುದಕ್ಕೆ ಮುಂಚೆಯೇ ಆಕಾಶದಿಂದ ಇನ್ನೊಂದು ಕಛೇರಿಯ ಧ್ವನಿ ಕೇಳಿಬರುತ್ತದೆ. ವೋಗನರೆಂಬ ಅನ್ಯಲೋಕದವರು ನೌಕೆಗಳ ತಂಡದೊಡನೆ ಬಂದಿದ್ದಾರೆ. ಅವರು ನಿರ್ಮಿಸಬೇಕಾದ ವ್ಯೋಮಮಾರ್ಗಕ್ಕೆ ಭೂಮಿ ಅಡ್ಡಿಯಾಗಿದೆ. ಆದಕಾರಣ ಅದನ್ನು ಕೆಡವಲಾಗುವುದು. ನಕ್ಷೆಗಳೋ, ಆಲ್ಫಾ ಸೆಂಟಾರಿಯ ಕಛೇರಿಯಲ್ಲಿ ಐವತ್ತು ವರ್ಷಗಳಿಂದ ಸಾರ್ವಜನಿಕರ ಅವಗಾಹನೆಗೆ ಇದ್ದುವಂತೆ. ಆ ನಕ್ಷತ್ರಕ್ಕೂ ನಮಗೂ ನಾಲ್ಕು ಜ್ಯೋತಿರ್ವರ್ಷಕ್ಕಿಂತ ಹೆಚ್ಚು ದೂರ. ಬೆಳಕಿಗೇ ಹೋಗಿಬರಲು ಎಂಟು ವರ್ಷಕ್ಕೆ ಮೇಲೆ ಬೇಕಾದರೆ ಅರ್ಜಿ ಹಿಡಿದು ಹೊರಟವನ ಗತಿಯೇನು? ಎರಡು ನಿಮಿಷದೊಳಗೆ ಭೂಮಿ ಇಲ್ಲವಾಗುತ್ತದೆ.

ಇಲ್ಲಿ ನಗು ಹುಟ್ಟುವುದು ನಕ್ಷತ್ರಗಳಿಂದಲ್ಲ, ಗುಮಾಸ್ತರ ಕಡತದಿಂದ. ಒಂದೇ ಮಾತನ್ನು ಒಮ್ಮೆ ಮನೆಯ ಅಳತೆಗೂ ಮತ್ತೊಮ್ಮೆ ಭೂಗೋಳದ ಅಳತೆಗೂ ಹೊಂದಿಸಿದ್ದಾರೆ. ಕ್ರಮವೆಲ್ಲ ಸರಿಯಾಗಿದೆ, ಪ್ರಕಟಣೆ ಕೂಡ ಆಗಿದೆ. ಕೇಳಬೇಕಾದವನಿಗೆ ಮಾತ್ರ ಕೇಳಿಸಿಲ್ಲ. ಸರ್ಕಾರಿ ಕಛೇರಿಯ ಮೆಟ್ಟಿಲನ್ನು ಒಮ್ಮೆಯಾದರೂ ಹತ್ತಿಳಿದವರಿಗೆ ವೋಗನರ ಪರಿಚಯವನ್ನು ನಾವು ಬೇರೆಯಾಗಿ ಮಾಡಿಕೊಡಬೇಕಾಗಿಲ್ಲ.

ಇದನ್ನು ಕೇಳಿ ನಗಬೇಕೋ ಅಂಜಬೇಕೋ? ಬಿ.ಬಿ.ಸಿ.ಯ ವಿನೋದ ಕಾರ್ಯಕ್ರಮಗಳನ್ನು ಆ ಕಾಲದಲ್ಲಿ ಸಾಮಾನ್ಯವಾಗಿ ಸಭಿಕರ ಎದುರಿಗೆ ಆಡಿ, ಅವರ ನಗೆಯನ್ನೂ ಕೂಡಿಸಿ ಪ್ರಸಾರ ಮಾಡುತ್ತಿದ್ದರು. ಎಲ್ಲಿ ನಗಬೇಕೆಂಬುದನ್ನು ಮನೆಯಲ್ಲಿ ಕುಳಿತವರಿಗೆ ಸಭಿಕರೇ ತಿಳಿಸಿಕೊಡುತ್ತಿದ್ದರು. ಈ ನಾಟಕಕ್ಕೆ ಸಭಿಕರನ್ನು ಕೂಡಿಸಲಿಲ್ಲ. ಕೂಡಿಸಿದ್ದರೂ ಅವರಿಗೆ ಅರ್ಥವಾಗುತ್ತಿರಲಿಲ್ಲ. ಏಕೆಂದರೆ ನಟರ ಮಾತನ್ನು ಮೊದಲು ಮುದ್ರಿಸಿಕೊಂಡು, ನೌಕೆಗಳ ಗರ್ಜನೆಯನ್ನೂ ಯಂತ್ರಗಳ ಗುನುಗನ್ನೂ ಅನಂತರ ಪದರಪದರವಾಗಿ ಹೊಂದಿಸುತ್ತಿದ್ದರು. ೧೯೫೮ರಲ್ಲಿ ಸ್ಥಾಪಿತವಾದ ‘ರೇಡಿಯೋಫೋನಿಕ್ ವರ್ಕ್‌ಷಾಪ್’ ಎಂಬ ಧ್ವನಿಶಾಲೆ ಈ ಕೆಲಸದಲ್ಲಿ ನೆರವಾಯಿತು. ಮೊದಲ ಕಂತಿನ ನಿರ್ಮಾಪಕರು ಸೈಮನ್ ಬ್ರೆಟ್. ಮುಂದಿನ ಕಂತುಗಳ ಹೊಣೆ ಹೊತ್ತವರು ಜೆಫ್ರಿ ಪರ್ಕಿನ್ಸ್.

ಅನುಕೂಲಕ್ಕಾಗಿ ಮಾಡಿದ ಈ ಏರ್ಪಾಡೇ ನಾಟಕದ ಜೀವಾಳವಾಯಿತೆಂದು ನಮ್ಮ ಅಭಿಪ್ರಾಯ. ರಾತ್ರಿಯ ಮೌನದಲ್ಲಿ ಒಬ್ಬನೇ ಕುಳಿತು ಕೇಳುವವನ ಪಕ್ಕದಲ್ಲಿ ನಕ್ಕು ದಾರಿ ತೋರುವವರಿಲ್ಲ. ಭೂಮಿ ಸಿಡಿಯಿತು, ಅನಂತರ ನಿಶ್ಶಬ್ದ. ಆ ಗಳಿಗೆಯಲ್ಲಿ ಸಾವಿರ ಜನರ ನಗೆ ಕೇಳಿಸಿದ್ದರೆ ಅದು ಬರಿಯ ಚೇಷ್ಟೆಯಾಗುತ್ತಿತ್ತು. ೧೯೩೮ರ ಅಕ್ಟೋಬರ್ ೩೦ರಂದು ಅಮೆರಿಕದಲ್ಲಿ ಆರ್ಸನ್ ವೆಲ್ಸರು ಮಂಗಳಗ್ರಹದವರ ದಾಳಿಯ ಕಥೆಯನ್ನು ವಾರ್ತೆಯ ಧಾಟಿಯಲ್ಲಿ ಪ್ರಸಾರ ಮಾಡಿ ಕೆಲವರನ್ನು ಬೆದರಿಸಿದರು. ಪತ್ರಿಕೆಗಳು ಅದನ್ನು ಬೆಟ್ಟಮಾಡಿದುವು. ಬೆದರಿಸುವುದು ಅಷ್ಟೇನೂ ಕಷ್ಟವಲ್ಲ. ನಗೆಯನ್ನೂ ಭಯವನ್ನೂ ಒಂದೇ ಉಸಿರಿನಲ್ಲಿ ಹಿಡಿದಿಡುವುದು ಕಷ್ಟ.

ಹಿಡಿದಿಟ್ಟವರಲ್ಲಿ ಮುಖ್ಯರು ಪೀಟರ್ ಜೋನ್ಸ್ ಎಂಬ ನಟರು. ಕೈಪಿಡಿ ತಾನೇ ಮಾತನಾಡುತ್ತದಷ್ಟೆ. ಆ ಧ್ವನಿ ಇವರದು. ನಮ್ಮ ಸೂತ್ರಧಾರ ನಾಂದಿಯಾದ ಮೇಲೆ ಮರೆಗೆ ಸರಿಯುತ್ತಾನೆ. ಈ ಸೂತ್ರಧಾರ ಸರಿಯುವುದೇ ಇಲ್ಲ. ಲೋಕಗಳು ಅಳಿಯುತ್ತಿದ್ದರೂ ದೊಡ್ಡ ಮೇಷ್ಟರೊಬ್ಬರು ಪಾಠ ಹೇಳುವಂತೆ, ಎಲ್ಲಿಯೂ ಸ್ವರವೇರಿಸದೆ ವಿವರಿಸುತ್ತಾನೆ. ಜೀವನದ ಪರಮಾರ್ಥವನ್ನು ಎಪ್ಪತ್ತೈದು ಲಕ್ಷ ವರ್ಷ ಗುಣಿಸಿ ೪೨ ಎಂದು ಉತ್ತರ ಕೊಟ್ಟ ಯಂತ್ರದ ಪ್ರಸಂಗ ಜಗತ್ಪ್ರಸಿದ್ಧವಾದುದರಿಂದ ಅದನ್ನು ಇಲ್ಲಿ ಬೆಳೆಸುವುದಿಲ್ಲ.

ಕಣ್ಣಿಗಿಂತ ಕಿವಿ ಮೇಲೆಂಬುದಕ್ಕೆ ಪರೀಕ್ಷೆಯೂ ನಡೆಯಿತು. ಜೇಫಾಡ್ ಎಂಬ ಪಾತ್ರಕ್ಕೆ ಎರಡು ತಲೆ, ಮೂರು ಕೈ. ಬಾನುಲಿಯಲ್ಲಿ ಇದಕ್ಕೆ ಒಂದು ಕಾಸೂ ಖರ್ಚಾಗಲಿಲ್ಲ. ಮಾತಿನಲ್ಲಿ ಹೇಳಿದೊಡನೆ ತಲೆ ಮೂಡಿತು. ೧೯೮೧ರಲ್ಲಿ ದೂರದರ್ಶನಕ್ಕೆ ಅಳವಡಿಸಿದಾಗ ಅದೇ ನಟರಾದ ಮಾರ್ಕ್ ವಿಂಗ್-ಡೇವಿಯವರ ಹೆಗಲಿಗೆ ಯಂತ್ರದ ತಲೆಯೊಂದನ್ನು ಕಟ್ಟಿದರು. ಅದು ಹೆಚ್ಚು ಹೊತ್ತು ಜೋಲುತ್ತಿದ್ದುದೇ ಕಂಡಿತು. ದಶಕಂಠನ ಪಾತ್ರ ವಹಿಸಿದ ನಮ್ಮ ನಾಟಕದವರಿಗೆ ಈ ಸಂಕಟ ಹೊಸದಲ್ಲ.

ಆಡಮ್ಸರು ೨೦೦೧ರಲ್ಲಿ, ಐವತ್ತು ತುಂಬುವುದಕ್ಕೆ ಮುಂಚೆಯೇ, ತೀರಿಕೊಂಡರು. ಅವರ ನಾಟಕದಲ್ಲಿ ನಮಗೆ ಮತ್ತೆ ಮತ್ತೆ ನೆನಪಾಗುವ ಪ್ರಸಂಗ ಒಂದುಂಟು. ಆರ್ಥರನನ್ನು ಉಳಿಸಿದ ಗೆಳೆಯ ಫೋರ್ಡ್ ಅನ್ಯಲೋಕದವನು. ಆ ಕೈಪಿಡಿಗಾಗಿ ಭೂಮಿಯ ವೃತ್ತಾಂತ ಬರೆಯಲು ಬಂದು ಹದಿನೈದು ವರ್ಷ ಇಲ್ಲಿಯೇ ಸಿಕ್ಕಿಕೊಂಡಿದ್ದವನು. ಸರ್ವಸ್ವವನ್ನೂ ಕಳೆದುಕೊಂಡ ಆರ್ಥರ್ ಭೂಮಿಯ ವಿಷಯವಾಗಿ ಪುಸ್ತಕ ಏನು ಹೇಳುತ್ತದೆಂದು ಹುಡುಕುತ್ತಾನೆ. ನಿರಪಾಯಕರವೆಂಬ ಒಂದೇ ಪದ ಸಿಕ್ಕುತ್ತದೆ. ಇಷ್ಟೇನೇ ಎಂದು ಅವನು ಸಿಡಿಮಿಡಿಗೊಳ್ಳುತ್ತಾನೆ. ಮುಂದಿನ ಮುದ್ರಣಕ್ಕೆ ತಿದ್ದಿ ಕಳುಹಿಸಿದ್ದೇನೆಂದು ಫೋರ್ಡ್ ಸಮಾಧಾನ ಹೇಳುತ್ತಾನೆ. ಹದಿನೈದು ವರ್ಷದ ಪರಿಶ್ರಮದಿಂದ ಸೇರಿದ್ದು ಇನ್ನೊಂದು ಪದ: ಬಹುಮಟ್ಟಿಗೆ. ಆ ಮುದ್ರಣ ಹೊರಬರುವ ವೇಳೆಗೆ ತಿದ್ದುಪಡಿಯನ್ನು ತಾಳೆನೋಡಲು ಭೂಮಿಯೇ ಉಳಿದಿಲ್ಲ.